ಬಾಲ್ಕನಿಯಲ್ಲೊಂದು ನಗು

ನಗುವುದಕ್ಕೂ ಸರದಿ ಇದೆ ಎಂದು ಮಿಸಿಸಿಪ್ಪಿಯ ಆ ಪೇಟೆಯ ಕರಿಯರು ತಮ್ಮ ಮಕ್ಕಳಿಗೆ ಎದೆಹಾಲು ಬಿಡಿಸುವಾಗಲೇ ಕಲಿಸುತ್ತಿದ್ದರು. ಟಾಕೀಸಿನ ಕೆಳಗೆ, ಮೆತ್ತನೆಯ ಕುರ್ಚಿಗಳಲ್ಲಿ ಬಿಳಿಯರು. ಓಣಿಯ ಕಡೆಯ ಕಬ್ಬಿಣದ ಮೆಟ್ಟಿಲು ಹತ್ತಿದರೆ ಬಾಲ್ಕನಿಯ ಮರದ ಬೆಂಚುಗಳಲ್ಲಿ ಕರಿಯರು. ಕೆಳಗಿನವರು ನಕ್ಕ ಮೇಲೆ ಮೇಲಿನವರು ನಗಬೇಕು. ಕೆಳಗಿನವರು ಕಣ್ಣೊರೆಸಿಕೊಳ್ಳುವಾಗ ಮೇಲಿನವರ ಕೆಮ್ಮೂ ಕೇಳಿಸಬಾರದು.

ಆ ಶನಿವಾರ ಮಧ್ಯಾಹ್ನದ ಆಟ ಯುದ್ಧದ ಸಿನಿಮಾ. ಅರ್ಲೀನಳಿಗೆ ಬರುವ ಮನಸ್ಸಿರಲಿಲ್ಲ. ಗಂಡ ಲೂಷಸ್ ಫ್ರಾನ್ಸಿನ ಯುದ್ಧದಿಂದ ಮರಳಿ ವರ್ಷಗಳೇ ಕಳೆದಿದ್ದರೂ ಬಾಗಿಲು ದಢಾರನೆ ಬಡಿದುಕೊಂಡರೆ ಇನ್ನೂ ಗೋಡೆಗೆ ಅಂಟಿಕೊಳ್ಳುತ್ತಿದ್ದ. ಹಟ ಹಿಡಿದವನು ಅವನೇ.

ಸಿನಿಮಾ ಚೆನ್ನಾಗಿತ್ತು. ಇದ್ದದ್ದನ್ನು ಇಲ್ಲವೆನ್ನಬಾರದು. ಕಂದಕದಲ್ಲಿ ಕೂತ ಒಬ್ಬ ಸಿಪಾಯಿಗೆ ನೀರಿನ ಬಾಟಲಿಯ ಮುಚ್ಚಳ ತಿರುಗಿಸಲು ಬರುತ್ತಿಲ್ಲ, ಬೆರಳುಗಳು ಅಷ್ಟು ನಡುಗುತ್ತಿವೆ. ಪಕ್ಕದವನು ಅವನ ಮುಖ ನೋಡದೆ, ಮಾತಾಡದೆ, ಬಾಟಲಿ ತೆಗೆದುಕೊಂಡು ಮುಚ್ಚಳ ಬಿಚ್ಚಿ ಹಿಂದಕ್ಕೆ ಕೊಡುತ್ತಾನೆ.

ಲೂಷಸ್ ಮುಂದಕ್ಕೆ ಬಾಗಿದ. "ಇದು ನೋಡು, ಇದು. ಅಲ್ಲಿದ್ದು ಬಂದೋನೇ ಮಾಡಿರೋದು ಇದನ್ನ," ಎಂದು ಪಿಸುಗುಟ್ಟಿ ಅವಳ ಕೈ ಹಿಡಿದ. ಇಷ್ಟು ದಿನ ತನಗೆ ಹೇಳಲಾಗದ್ದನ್ನು ಪರದೆಯೇ ಹೇಳಿಬಿಟ್ಟಿತೆಂಬ ಹಗುರ ಅವನ ಅಂಗೈಯಲ್ಲಿತ್ತು.

ಹಿಂದಿನ ಬೆಂಚಿನಿಂದ ಅವನ ಚಿಕ್ಕಪ್ಪನ ಮಗ ಹೋಸಿಯಾ ಕೆಣಕಿದ. "ಲೋ, ನೀನೂ ಅಲ್ಲೇ ಇದ್ದೆ ಅಂತೀಯ. ಎಲ್ಲೂ ಕಾಣ್ತಾನೇ ಇಲ್ವಲ್ಲೋ?"

"ಕ್ಯಾಮೆರಾ ಬಂದಾಗ ಗುಂಡಿ ತೋಡ್ತಿದ್ದೆ ಕಣೋ."

ಮಾತು ತಮಾಷೆಯದು, ಸಂಗತಿ ನಿಜ. ಸೈನ್ಯ ಅವನ ಕರಿಯರ ತುಕಡಿಗೆ ಬಂದೂಕು ಕೊಟ್ಟಿರಲಿಲ್ಲ, ಸಲಿಕೆ ಕೊಟ್ಟಿತ್ತು. ಮುಳ್ಳುತಂತಿಯ ಬೇಲಿಗಳ ಸಂದಿಯಿಂದ ಬಿಳಿ ಸಿಪಾಯಿಗಳ ಹೆಣಗಳನ್ನು ಆಯ್ದು ತಂದು ಮಣ್ಣು ಮಾಡಿದವನು ಅವನು. ಬದುಕಿದ್ದಾಗ ಇವನೊಂದಿಗೆ ಒಂದೇ ಬೆಂಚಿನಲ್ಲಿ ಕೂರಲು ಒಲ್ಲದವರನ್ನು ಎರಡು ಕೈಯಲ್ಲಿ ಎತ್ತಿಕೊಂಡಿದ್ದ.

ಪರದೆಯ ಮೇಲೆ ನಾಯಕನ ಗೆಳೆಯನಿಗೆ ಗಂಟಲಿಗೇ ಗುಂಡು ಬಿತ್ತು. ಪಿಟೀಲುಗಳು ಶುರುವಾದವು. ಬಾಚಿದ ತಲೆ ಬಾಚಿದ ಹಾಗೇ ಇಟ್ಟುಕೊಂಡು ಅವನು ತಾಯಿಯ ಬಗ್ಗೆ, ದೇಶದ ಬಗ್ಗೆ, ಹಿತ್ತಲ ಸೇಬಿನ ಮರದ ಬಗ್ಗೆ ಮಾತಾಡತೊಡಗಿದ. ಕೆಳಗೆ ಹೆಂಗಸರು ಬಿಕ್ಕುತ್ತಿದ್ದರು.

ಲೂಷಸ್ ನಕ್ಕುಬಿಟ್ಟ.

ಒಣಗಿದ ಜೋಳದ ದಂಟು ಮುರಿದಂಥ ನಗು. "ಗಂಟಲಲ್ಲಿ ತೂತಿಟ್ಕೊಂಡು ಪಾದ್ರಿ ಥರ ಉಪದೇಶ ಮಾಡ್ತಾನಲ್ಲೇ," ಎಂದ ಅವಳ ಕಿವಿಯಲ್ಲಿ.

ಕೆಳಗೆ ಒಂದು ತಲೆ ತಿರುಗಿತು. ಇನ್ನೊಂದು. ಆಮೇಲೆ ಸಾಲಿಗೆ ಸಾಲೇ.

ಅರ್ಲೀನಳಿಗೆ ಊರಿನ ಎಜೆಲ್ ನೆನಪಾದ. ಯುದ್ಧದಿಂದ ಸಮವಸ್ತ್ರ ತೊಟ್ಟು ಬಂದು, ಬಿಳಿಯನಿಗೆ ದಾರಿ ಬಿಡದೆ ನಡೆದವನು ಆಮೇಲೆ ನದಿಯಲ್ಲಿ ಹೆಣವಾಗಿ ಸಿಕ್ಕಿದ್ದ. ಯುದ್ಧದಲ್ಲಿ ಸಾಯದವನನ್ನು ಊರು ಕೊಂದಿತ್ತು. ಅವನು ನಕ್ಕಿರಲೂ ಇಲ್ಲ.

ಕಬ್ಬಿಣದ ಮೆಟ್ಟಿಲು ಸದ್ದು ಮಾಡಿತು. ಟಾಕೀಸಿನ ಮ್ಯಾನೇಜರ್ ಪ್ರೂಯಿಟ್ ಟಾರ್ಚು ಹಿಡಿದು ಬಂದ.

"ಯಾವನೋ ನಕ್ಕೋನು? ನಮ್ಮ ಹುಡುಗ್ರು ಸಾಯ್ತಿದ್ರೆ ನಿಮಗೆ ನಗು ಬರುತ್ತಾ?"

ಬೆಳಕು ಮುಖದಿಂದ ಮುಖಕ್ಕೆ ಹರಿಯಿತು. ಲೂಷಸನ ತೊಡೆ ಬಿಗಿಯಾದದ್ದು ಅರ್ಲೀನಳಿಗೆ ಗೊತ್ತಾಯಿತು. ಎದ್ದರೆ ಇವನು ನಿಜ ಹೇಳುತ್ತಾನೆ. ಹೇಳಿದರೆ ಇವತ್ತು ಮನೆ ಸೇರುವುದಿಲ್ಲ. ಅವನ ಮೊಣಕಾಲು ಅದುಮಿ ತಾನೇ ಎದ್ದಳು.

"ನಗು ಅಲ್ಲ ದಣಿ. ನನ್ನ ಗಂಡ ಅತ್ತಿದ್ದು. ಅವ್ನು ಅಳೋದೇ ಹಂಗೆ."

"ಹೌದಾ?" ಟಾರ್ಚು ಲೂಷಸನ ಕಣ್ಣಿಗೇ ಬಿತ್ತು. "ಹಂಗಾದ್ರೆ ಇನ್ನೊಂದ್ಸಲ ಅಳು ಹುಡುಗಾ. ಕೇಳೋಣ."

ಹೆಣ ಹೊತ್ತ ಆ ಗಂಡಸು ಪ್ರೂಯಿಟ್‌ನಿಗೆ ಹುಡುಗ. ಲೂಷಸ್ ಹೆಂಡತಿಯ ಕಡೆ ನೋಡಿದ.

"ಅಳು ಲೂಷಸ್," ಎಂದಳು. "ನಿನ್ನ ಕಾಲಿಗೆ ಬೀಳ್ತೀನಿ, ಅಳು."

ಮೊದಲು ಅದೇ ಸದ್ದು, ಅದೇ ಒಣ ದಂಟು. ಮತ್ತೊಮ್ಮೆ. ಆಮೇಲೆ ಅದು ಒದ್ದೆಯಾಯಿತು. ಎಲ್ಲೋ ಬುಡದಿಂದ ಕಿತ್ತುಕೊಂಡು ಬಂತು. ಅವನು ಎರಡು ಕೈಯನ್ನೂ ಮುಂದೆ ಚಾಚಿ, ಏನನ್ನೋ ಹೊತ್ತವನಂತೆ, ಅತ್ತ.

"ಸಾಕು, ಸಾಕು. ಕೆಳಗಿನೋರಿಗೆ ಪಿಕ್ಚರ್ ಕೇಳಿಸ್ಬೇಕು," ಎಂದು ಪ್ರೂಯಿಟ್ ಇಳಿದುಹೋದ.

ಪರದೆಯಲ್ಲಿ ಬಾವುಟ ಏರಿತು, ದೀಪಗಳು ಹತ್ತಿದವು. ಲೂಷಸ್ ಇನ್ನೂ ಅಳುತ್ತಲೇ ಇದ್ದ.

"ಅವ್ನು ಹೋದ ಕಣೋ. ನಿಲ್ಸು," ಎಂದಳು ಅರ್ಲೀನ್.

"ಅಳು ಅಂದೆ, ಅತ್ತೆ," ಎಂದ ಬಿಕ್ಕುತ್ತ. "ನಿಲ್ಸೋದು ನಂಗೆ ಬರ್ತಿಲ್ಲ."

ಓಣಿಯ ಬಾಯಲ್ಲಿ ಬಿಳಿಯರ ಗುಂಪೊಂದು ಸಿಗರೇಟು ಸೇದುತ್ತ ಮೆಟ್ಟಿಲ ಕಡೆಗೇ ನೋಡುತ್ತಿತ್ತು. ಅಳು ಬತ್ತಿ, ಅವರೆದುರು ಇವನು ನಿಜ ಬಾಯಿಬಿಟ್ಟರೆ? ಅರ್ಲೀನ್ ಗಂಡನ ಮುಖವನ್ನು ತನ್ನ ಭುಜಕ್ಕೆ ಒತ್ತಿಕೊಂಡು ಬಿಸಿಲಿಗೆ ಇಳಿಯತೊಡಗಿದಳು. ಈಗಷ್ಟೇ ನಿಲ್ಲಿಸೆಂದವಳು ಹಲ್ಲು ಕಚ್ಚಿಕೊಂಡು ಬೇಡುತ್ತಿದ್ದಳು: "ಅಳು ನನ್ನಪ್ಪ, ಮನೆ ತಂಕ ಅಳು."