ಅಮೀನುದ್ದೀನನ ಲೈಸನ್ಸು

ಮುದ್ದೇಬಿಹಾಳದ ಪಂಢರಿನಾಥ ವಕೀಲರು ಫಿಯಾಟ್ ಕಾರಿಗೆ ಹೆಸರು ಹಚ್ಚಿ ಆರು ವರ್ಷ ಕಾದಿದ್ದರು. ಎಪ್ಪತ್ತೈದರಲ್ಲಿ ಅದು ಮನೆಗೆ ಬಂದಾಗ ಓಡಿಸಲು ಅವರಿಗೆ ಬರುತ್ತಿರಲಿಲ್ಲ. ಅದಕ್ಕೆಂದೇ ಅಮೀನುದ್ದೀನನನ್ನು ಇಟ್ಟುಕೊಂಡರು. ಲಾರಿ ಓಡಿಸಿ ಪಳಗಿದ ಕೈ, ಮಾತು ಕಡಿಮೆ. ಬಸವನ ಬಾಗೇವಾಡಿಯ ಕೋರ್ಟಿಗೆ ವಾರಕ್ಕೆರಡು ಸಲ ಹೋಗುವುದಿತ್ತು. ವಕೀಲರು ಹೊರಗೆ ಬರುವವರೆಗೂ ಅವನು ಕಾರಿನ ಹತ್ತಿರದಿಂದ ಕದಲುತ್ತಿರಲಿಲ್ಲ.

ಎಪ್ಪತ್ತೇಳರ ಸಂಕ್ರಾಂತಿ ಮುಗಿದ ಮೇಲೆ ಒಂದು ಮುಂಜಾನೆ ಅವನು ತನ್ನ ಲೈಸನ್ಸನ್ನು ವಕೀಲರ ಮುಂದೆ ಹಿಡಿದ.

"ಸಾಹೇಬ್ರ, ಇದರ ಮುದ್ದತ್ತು ಈ ತಿಂಗಳಿಗೆ ಮುಗೀತೈತ್ರಿ. ಫಾರಂ ಇಂಗ್ಲಿಷಿನ್ಯಾಗ ಇರ್ತೈತಿ. ನೀವ ತುಂಬಿ ವಿಜಾಪುರಕ್ಕ ಕಳಿಸಿದ್ರ ಛಲೋ ಆಗ್ತಿತ್ರಿ."

"ಆತು, ನಾ ಕಳಿಸ್ತೇನಿ ಬಿಡು," ಎಂದು ವಕೀಲರು ಅದನ್ನು ಕೈಯಲ್ಲಿದ್ದ ಫೈಲಿನೊಳಗೆ ಸೇರಿಸಿದರು.

ಆಮೇಲೆ ಅವನು ಎರಡು ಸಲ ಕೇಳಿದ. ಎರಡೂ ಸಲ "ಕಳಿಸೇನಿ, ಬರ್ತದ" ಅಂದರು. ಕಳಿಸಿರಲಿಲ್ಲ. ಯಾವ ಫೈಲಿನಲ್ಲಿ ಇಟ್ಟೆನೆಂಬುದೇ ಮರೆತುಹೋಗಿತ್ತು. ಪುರಸೊತ್ತಾದಾಗ ಹುಡುಕಿದರಾಯಿತು ಎಂದುಕೊಂಡಿದ್ದರು.

ಏಪ್ರಿಲಿನ ಒಂದು ಮಧ್ಯಾಹ್ನ, ಸೊಲ್ಲಾಪುರದ ತವರಿನಿಂದ ಬರುತ್ತಿದ್ದ ಹೆಂಡತಿ ರುಕ್ಮಿಣೀಬಾಯಿಯನ್ನು ಕರೆತರಲು ಅವನನ್ನು ಆಲಮಟ್ಟಿ ಸ್ಟೇಶನ್ನಿಗೆ ಕಳಿಸಿದರು. ಅರ್ಧ ದಾರಿಯಲ್ಲಿ ಮುಂದಿನ ಟೈರು ಒಡೆದು ಕಾರು ಬೇವಿನ ಮರಕ್ಕೆ ಅಪ್ಪಳಿಸಿತು. ಅಮೀನುದ್ದೀನ ಅಲ್ಲೇ ತೀರಿಕೊಂಡ. ರುಕ್ಮಿಣೀಬಾಯಿ ಸ್ಟೇಶನ್ನಿನಲ್ಲಿ ಮೂರು ತಾಸು ಕಾದು, ಕೊನೆಗೆ ಆಣೆಕಟ್ಟಿನ ಆಫೀಸಿನ ಜೀಪು ಹತ್ತಿ ಬರುವಾಗ ದಾರಿಯಲ್ಲಿ ತಮ್ಮ ಕಾರನ್ನು ಕಂಡರು.

ವಿಮಾ ಕಂಪನಿಯ ಸರ್ವೇಯರು ಬಂದು ಮುದ್ದೆಯಾಗಿದ್ದ ಕಾರನ್ನು ಸುತ್ತು ಹಾಕಿ ನೋಡಿದ. ಇದು ರಿಪೇರಿಗೆ ಬರುವಂಥದ್ದಲ್ಲ, ಪೂರ್ತಿ ನಷ್ಟ ಎಂದು ಬರೆದುಕೊಂಡು ಡ್ರೈವರನ ಲೈಸನ್ಸು ಕೇಳಿದ. ವಕೀಲರು ಅವತ್ತೇ ಎಲ್ಲ ಫೈಲುಗಳನ್ನು ನೆಲಕ್ಕೆ ಹರವಿ ಕುಳಿತರು. ತಾಳಿಕೋಟಿಯ ಯಾರದೋ ಹೊಲದ ವ್ಯಾಜ್ಯದ ಕಾಗದಗಳ ನಡುವೆ ಅದು ಸಿಕ್ಕಿತು. ಮುದ್ದತ್ತು ಮುಗಿದು ಎರಡು ತಿಂಗಳ ಮೇಲಾಗಿತ್ತು.

ಕಂಪನಿಯ ವಿಜಾಪುರದ ಆಫೀಸಿನಲ್ಲಿ ಕ್ಲೇಮು ನೋಡುತ್ತಿದ್ದವರು ಶ್ರೀಶೈಲಪ್ಪನವರು. ಅವರು ಬಾಗಿಲು ಮುಂದೆ ಮಾಡಿ ಕುಳಿತು ಹೇಳಿದರು:

"ವಕೀಲಸಾಹೇಬ್ರ, ಹಿಂಗಾದ್ರ ನಿಮ್ಮ ಕಾರಿಂದು ಪಾಸಾಗೂದಿಲ್ರಿ. ಮುದ್ದತ್ತು ಮುಗದದ್ದು ನಿಮಗ ಗೊತ್ತಿರಲಿಲ್ಲ, ಡ್ರೈವರ ಮುಚ್ಚಿಟ್ಟಿದ್ದ ಅಂತ ಬರದ ಕೊಡ್ರಿ. ನಾ ಮ್ಯಾಲೆ ಕಳಿಸ್ತೇನಿ."

"ಅಂವಾ ನನ್ನ ಕೈಯಾಗ..." ಎಂದು ಶುರು ಮಾಡಿದ ವಕೀಲರು ಅಲ್ಲಿಗೇ ನಿಂತರು.

"ಸತ್ತಾಂವಗ ಇದರಿಂದ ಏನಾಗೂದೈತ್ರಿ?"

ಪಂಢರಿನಾಥರು ಪೆನ್ನು ತೆಗೆದರು. ಇಪ್ಪತ್ತು ವರ್ಷ ಬೇರೆಯವರ ಹೇಳಿಕೆಗಳನ್ನು ಬರೆದ ಕೈ ಅದು, ಐದು ಸಾಲು ಬರೆದು ಸಹಿ ಹಾಕುವವರೆಗೆ ಎಲ್ಲಿಯೂ ತಡವರಿಸಲಿಲ್ಲ. ರೊಕ್ಕ ಬಂದ ಮೇಲೆ ಅಮೀನುದ್ದೀನನ ಹೆಂಡತಿ ಅಬಿದಾಳಿಗೂ ಒಂದಿಷ್ಟು ಕೊಟ್ಟರಾಯಿತು ಎಂದು ಬಸ್ಸಿನಲ್ಲಿ ಬರುತ್ತ ತಮಗೆ ತಾವೇ ಸಮಾಧಾನ ಹೇಳಿಕೊಂಡರು. ಅಬಿದಾಳ ಪರವಾಗಿ ಪರಿಹಾರದ ಅರ್ಜಿಯನ್ನು ಅದೇ ಕಂಪನಿಗೆ ಕಳಿಸಿದ್ದವರೂ ಅವರೇ. ಅವಳ ಅರ್ಜಿ ಬೇರೆ, ಕಾರಿನ ಕಾಗದ ಬೇರೆ ಎಂದು ನಂಬಿದ್ದರು. ನಂಬಿದ್ದರೋ, ನಂಬಿದಂತೆ ಮಾಡಿದ್ದರೋ.

ಜೂನ್ ತಿಂಗಳಲ್ಲಿ ಅಬಿದಾ ಒಂದು ಪತ್ರ ಹಿಡಿದುಕೊಂಡು ಬಂದಳು.

"ಕಂಪನಿಯಿಂದ ಬಂದೈತ್ರಿ. ಪೋಸ್ಟಮಾಸ್ತರು ಓದಿ ಹೇಳ್ತೇನಿ ಅಂದ್ರು. ನಾನ ಬ್ಯಾಡಂದೆ. ನೀವ ಓದ್ರಿ, ಸಾಹೇಬ್ರ."

ವಕೀಲರು ಓದಿದರು. ಲೈಸನ್ಸಿನ ಮುದ್ದತ್ತು ಮುಗಿದದ್ದನ್ನು ಡ್ರೈವರನು ಮುಚ್ಚಿಟ್ಟು ಕಾರು ಓಡಿಸಿದನೆಂದು ಮಾಲಕರೇ ಬರೆದುಕೊಟ್ಟಿದ್ದಾರೆ, ಆದ್ದರಿಂದ ಅವನ ಹೆಂಡತಿಗೆ ಕಂಪನಿ ಏನೂ ಕೊಡಬೇಕಾಗಿಲ್ಲ. ಅವರ ಐದು ಸಾಲಿನಲ್ಲಿ ಎರಡನ್ನು ಅಕ್ಷರ ಬಿಡದೆ ಎತ್ತಿ ಬರೆದಿದ್ದರು.

"ಇಲ್ಲ ಅಂದಾರ, ಅಬಿದಾ."

"ಯಾಕಂತ್ರಿ?"

"ಲೈಸನ್ಸಿನ ಮುದ್ದತ್ತು ಮುಗದಿತ್ತಂತ."

"ಅದು ನಿಮ್ಮ ಕಡೆನ ಇತ್ತಲ್ರಿ. ಕೊಟ್ಟ ಬಂದ ದಿನಾನ ನಮ್ಮನಿಯವರು ನನಗ ಹೇಳಿದ್ರು. ಸಾಹೇಬ್ರು ಮಾಡಿಸ್ತಾರ, ಚಿಂತಿಲ್ಲ ಅಂದಿದ್ರು. ನೀವು ಒಂದ ಮಾತ ತಿಳಿಸಿ ಹೇಳ್ರಿ. ನಿಮ್ಮ ಮಾತ ಕೇಳ್ತಾರ."

ಒಳಬಾಗಿಲಲ್ಲಿ ನಿಂತಿದ್ದ ರುಕ್ಮಿಣೀಬಾಯಿ ಗಂಡನ ಮುಖ ನೋಡಿದರು. ಅವರಿಗೂ ಇದೊಂದೂ ಗೊತ್ತಿರಲಿಲ್ಲ. ವಕೀಲರು ಪತ್ರವನ್ನು ಮೇಜಿನ ಮೇಲಿಟ್ಟು, ತಲೆ ಎತ್ತದೆ, ನಡೆದದ್ದನ್ನೆಲ್ಲ ಹೇಳಿದರು.

ಅಬಿದಾ ಅಳಲಿಲ್ಲ. "ಮುಚ್ಚಿಟ್ಟಿದ್ರು ಅಂತ ಬರದೀರಿ? ಅವರ ಹೆಸರ ಹಾಕಿ?"

"ಹೌದು."

ಅವಳು ಪತ್ರವನ್ನು ಮಡಚಿಕೊಂಡು ಹೊರಟುಹೋದಳು. ರುಕ್ಮಿಣೀಬಾಯಿ ಅವತ್ತಿನಿಂದ ಗಂಡನಿಗೆ ಊಟಕ್ಕೆ ಬಡಿಸುತ್ತಿದ್ದರು, ಮಾತಾಡುತ್ತಿರಲಿಲ್ಲ.

ಮರುದಿನವೇ ಪಂಢರಿನಾಥರು ವಿಜಾಪುರಕ್ಕೆ ಹೋಗಿ ಹಳೆಯ ಹೇಳಿಕೆ ಸುಳ್ಳು, ತಪ್ಪು ನನ್ನದು ಎಂದು ಬರೆದುಕೊಟ್ಟರು. ಶ್ರೀಶೈಲಪ್ಪನವರ ಮುಖ ಕೆಂಪಗಾಯಿತು. "ನನ್ನ ನೌಕರಿಗೂ ಕಲ್ಲ ಹಾಕಿದ್ರಲ್ರಿ," ಎಂದರು. ಕಾರಿನ ಕ್ಲೇಮು ಅಲ್ಲಿಗೆ ಬಿತ್ತು. ಅದು ಬೀಳಲೆಂದೇ ವಕೀಲರು ಹೋಗಿದ್ದರು. ಅಬಿದಾಳದ್ದು ಮಾತ್ರ ಏಳಲಿಲ್ಲ, ಕೋರ್ಟಿಗೇ ಹೋಗಬೇಕಾಯಿತು.

ಹದಿನಾಲ್ಕು ತಿಂಗಳ ಮೇಲೆ ಪಂಢರಿನಾಥರು ಸಾಕ್ಷಿಯ ಕಟಕಟೆಯಲ್ಲಿ ನಿಂತರು. ಅಮೀನುದ್ದೀನ ಏನನ್ನೂ ಮುಚ್ಚಿಡಲಿಲ್ಲ ಎಂದು ಹೇಳಿದರು. ಕಂಪನಿಯ ವಕೀಲ ಎರಡೂ ಕಾಗದಗಳನ್ನು ಅವರ ಮುಂದಿಟ್ಟ.

"ಎರಡೂ ನಿಮ್ಮ ಅಕ್ಷರಾನ ಹೌದಲ್ರಿ?"

"ಹೌದು."

"ಕಾನೂನು ಓದಿದವರು ನೀವು. ಅವತ್ತ ಕಾರಿನ ಸಲುವಾಗಿ ಸುಳ್ಳ ಬರದೀರಿ. ಇವತ್ತ ಈ ಹೆಣ್ಮಗಳ ಸಲುವಾಗಿ ಸುಳ್ಳ ಹೇಳ್ಲಿಕ್ಕೆ ಹತ್ತಿಲ್ಲ ಅಂತ ಕೋರ್ಟು ಹ್ಯಾಂಗ ನಂಬಬೇಕು?"

ಇಂಥದ್ದೇ ಪ್ರಶ್ನೆಯನ್ನು ಪಂಢರಿನಾಥರು ಎಷ್ಟೋ ಸಾಕ್ಷಿದಾರರಿಗೆ ಕೇಳಿದ್ದರು. ಈ ಸಾಕ್ಷಿಯ ಮಾತು ನಂಬಲರ್ಹವಲ್ಲ ಎಂದು ತೀರ್ಪು ಬಂತು. ಲೈಸನ್ಸು ಮುಚ್ಚಿಟ್ಟ ಡ್ರೈವರನೆಂದೇ ಅಮೀನುದ್ದೀನ ಆ ಕಾಗದದಲ್ಲಿ ಉಳಿದ.

ಅಬಿದಾ ಆಗಲೇ ಇಂಡಿ ಊರಿನಲ್ಲಿದ್ದ ಅಣ್ಣನ ಮನೆ ಸೇರಿದ್ದಳು. ತೀರ್ಪಿನ ದಿನ ಅವಳ ಹಿಂದೆಯೇ ವಕೀಲರು ಬಸ್ ಸ್ಟ್ಯಾಂಡಿನವರೆಗೆ ನಡೆದರು.

"ಅಪೀಲು ಮಾಡೂಣು, ಅಬಿದಾ. ನಾನ ನಿಂತು..."

"ಬ್ಯಾಡ್ರಿ. ನೀವು ಮತ್ತ ಹೇಳೂದು, ಕಂಪನಿಯವರು ಮತ್ತ ಸುಳ್ಳ ಅನ್ನೂದು. ನಡುವ ನಮ್ಮನಿಯವರ ಹೆಸರ ಎಷ್ಟ ಸಲ ಎಳದಾಡಸ್ತೀರಿ?"

ಇಂಡಿಯ ಬಸ್ಸು ಬಂತು. ಅವಳು ಹತ್ತಿ ಕಿಟಕಿಯ ಹತ್ತಿರ ಕುಳಿತಳು, ಅವರ ಕಡೆ ತಿರುಗಲಿಲ್ಲ. ಬಸ್ಸು ಹೋದ ಮೇಲೂ ಪಂಢರಿನಾಥರು ಕರಿ ಕೋಟಿನಲ್ಲಿ, ಬಿಸಿಲಿನಲ್ಲಿ, ಅಲ್ಲಿಯೇ ನಿಂತಿದ್ದರು.