ಎರಡು ಸಲ ಸಾಣಿಸಿದ ಹಿಟ್ಟು

“ಸಿಪ್ಪಿ ಸಮೇತ ಚಪಾತಿ ಮಾಡಿ ಹಾಕಾಕ ನನ್ನ ಮಗ ಏನು ಎತ್ತೇನಬೇ? ಇನ್ನೊಂದ್ ಸಲ ಸಾಣಿಸು!”

ಅತ್ತೆ ಹೊಳೆಬಸವ್ವ ಹೀಗೆ ಗದರಿದಾಗ ಹೊಸ ಸೊಸೆ ಶಂಕ್ರವ್ವನ ಕೈಯಲ್ಲಿದ್ದದ್ದು ನಾನೇ. ನಾನು ಒಂದು ಹಿಟ್ಟಿನ ಸಾಣಿಗೆ, ಜರಡಿ ಅಂತಾರಲ್ಲ, ಅದೇ. ಗದಗಿನ ತಗಡಿನ ಅಂಗಡಿಯೊಂದರಲ್ಲಿ ಎಣ್ಣೆಡಬ್ಬಿಯ ತಗಡನ್ನು ಬಳೆಯಂತೆ ಬಗ್ಗಿಸಿ, ಸಣ್ಣ ತಂತಿಯ ಬಲೆ ಬಿಗಿದು ನನ್ನನ್ನು ಮಾಡಿದರು. “ತಗೊಳ್ರಿ ಯವ್ವಾ, ಇದರಾಗ ಇಳಿದ ಹಿಟ್ಟು ಮಲ್ಲಿಗಿ ಹೂವಿನಂಗ ಇರತೈತಿ” ಎಂದು ಅಂಗಡಿಯವನು ಹೊಗಳಿದ್ದೇ ತಡ, ಹೊಳೆಬಸವ್ವ ನನ್ನನ್ನು ಬಗಲಲ್ಲಿಟ್ಟುಕೊಂಡು ಬಸ್ ಹತ್ತಿದಳು. ಆ ಹೊಗಳಿಕೆ ನನ್ನ ತಲೆಗೂ ಏರಿತ್ತು.

ಆ ಮನೆಯಲ್ಲೊಂದು ರೂಢಿ. ದಿನದ ಊಟಕ್ಕೆ ಒಂದು ಸಲ ಸಾಣಿಸಿದ ಹಿಟ್ಟು. ಬೀಗರಿಗೆ, ಬಾಣಂತಿಗೆ, ಜಡ್ಡಾದವರಿಗೆ, ಮುದ್ದಿನ ಮಗನಿಗೆ ಎರಡು ಸಲ. ಪ್ರೀತಿ ಹೆಚ್ಚಿದಷ್ಟೂ ಹಿಟ್ಟು ಬೆಳ್ಳಗೆ. ನನ್ನೆದೆಯ ಮೇಲೆ ಉಳಿದ ತೌಡು ಹಿತ್ತಲ ಎಮ್ಮೆಗೆ. ನನ್ನ ಸಪ್ಪಳ ಕೇಳಿದರೆ ಸಾಕು, ಅದು ಎದ್ದು ನಿಲ್ಲುತ್ತಿತ್ತು.

ಆ ಮುದ್ದಿನ ಮಗ, ಶಂಕ್ರವ್ವನ ಗಂಡ ಫಕೀರಪ್ಪ, ಬಸ್ ಕಂಡಕ್ಟರ್. ಎಂಥ ಕಂಠ ಅಂತೀರಿ! “ರೋಣ, ಗಜೇಂದ್ರಗಡ, ಕುಷ್ಟಗಿ! ಒಳಗ ಸರೀರಿ, ಬಾಗಲದಾಗ ಏನು ಮದುವಿ ಐತೇನು?” ಎಂದು ಊಟಕ್ಕೆ ಕೂತಲ್ಲೇ ಕೂಗಿ ಹೆಂಡತಿಯನ್ನು ನಗಿಸುವನು. ಅತ್ತೆ ತೀರಿಕೊಂಡ ಮೇಲೆ ನಾನು ಪೂರ್ತಿಯಾಗಿ ಶಂಕ್ರವ್ವನ ಕೈಗೆ ಬಂದೆ.

ನಲವತ್ತು ದಾಟುವಷ್ಟರಲ್ಲಿ ಅವನಿಗೆ ಸಕ್ಕರೆ ಕಾಯಿಲೆ ಬಂತು, ಬೆನ್ನಿಗೇ ಬಿ.ಪಿ. “ಅನ್ನ ಕಡಿಮಿ ಮಾಡಿ ಚಪಾತಿ ತಿನ್ರಿ” ಎಂದರಂತೆ ಡಾಕ್ಟರು. ಸಕ್ಕರೆ ಇಳಿಯಲಿಲ್ಲ, ಶಂಕ್ರವ್ವ ಮೂರು ಸಲ ಸಾಣಿಸತೊಡಗಿದಳು. “ಹಗೂರ ಇರ್ಲಿ, ಹೊಟ್ಟಿಗೆ ತ್ರಾಸ ಆಗಬಾರ್ದು” ಎನ್ನುವಳು, ಪಾಪ.

ಒಂದು ಮುಂಜಾನೆ ಡ್ಯೂಟಿಗೆ ಹೊರಟವನು ಹೊಸ್ತಿಲಲ್ಲೇ ಕುಸಿದ. ಲಕ್ವಾ ಹೊಡೆದಿತ್ತು. ಆಸ್ಪತ್ರೆಯಿಂದ ಮರಳಿದಾಗ ಬಲಗೈ ಹೋಗಿತ್ತು, ಊರುಗಳ ಹೆಸರೆಲ್ಲ ಹೋಗಿದ್ದವು. ಗಂಟಲಲ್ಲಿ ಇಳಿಯುವುದು ಮೆತ್ತನೆಯ ಗಂಜಿ ಮಾತ್ರ. ಬಾಯಲ್ಲಿ ಉಳಿದದ್ದು ಒಂದೇ ಮಾತು: “ರೈಟ್.” ನೀರು ಬೇಕೇ ಎಂದರೂ ರೈಟ್, ಬೇಡವೇ ಎಂದರೂ ರೈಟ್.

ಅವನ ಬಿ.ಪಿ. ನೋಡಲು ಬಂದ ನರ್ಸ್ ಕಸ್ತೂರಕ್ಕ, ನನ್ನ ಪಕ್ಕದ ತೌಡಿನ ಬುಟ್ಟಿಯನ್ನು ಕಂಡರು.

“ಇಷ್ಟು ತೌಡು ಯಾರಿಗವ್ವಾ?”

“ಎಮ್ಮಿಗ್ರೀ.”

“ಅಯ್ಯ ಶಂಕ್ರವ್ವಾ! ಮೆಗ್ನೀಷಿಯಂ ಅಂತ ಒಂದು ಖನಿಜ ಐತಿ. ಸಕ್ಕರಿ ಹತೋಟಿಯಾಗ ಇರಾಕ, ರಕ್ತನಾಳ ಬಿಗಿಯದಂಗ ಇರಾಕ ಅದೂ ಬೇಕು. ಗೋಧ್ಯಾಗಿಂದು ಬಹಳಷ್ಟು ಈ ತೌಡಿನಾಗ ಇರತೈತಿ.”

“ಹಂಗಾದ್ರ ನಾನಽ ಇವರನ್ನ ಹಿಂಗ ಮಾಡಿದ್ನೇನ್ರೀ?”

“ಹಂಗ ಅನಬ್ಯಾಡ. ಇಂಥಾ ಜಡ್ಡು ಒಂದ ಕಾರಣಕ್ಕ ಬರೂದಿಲ್ಲ.”

ಆ ಸಮಾಧಾನ ಶಂಕ್ರವ್ವನ ಕಿವಿಗೆ ಬೀಳಲೇ ಇಲ್ಲ. ನನ್ನನ್ನು ಮೂಲೆಯ ಮೊಳೆಗೆ ನೇತುಹಾಕಿದಳು. ತುಕ್ಕು ಹಿಡಿದ ನನಗೆ ಅದೇ ಕೊನೆಯ ಜಾಗವೆಂದುಕೊಂಡೆ. ಬೇರ್ಪಡಿಸುವುದೇ ನನ್ನ ಜನ್ಮ. ಯಾವುದನ್ನು ಉಳಿಸಿಕೊಳ್ಳಬೇಕೆಂದು ಯಾರೂ ನನ್ನನ್ನು ಕೇಳಲಿಲ್ಲ. ಕೇಳಿದ್ದರೂ ನಾನು ಬೆಳ್ಳಗಿರುವುದನ್ನೇ ತೋರಿಸುತ್ತಿದ್ದೆ.

ಮರುದಿನ ಅವಳು ಸಾಣಿಸದ ಹಿಟ್ಟಿನ ಗಂಜಿ ಕಾಯಿಸಿದಳು. ಮೊದಲ ಗುಟುಕಿಗೇ ಸಿಪ್ಪೆ ಗಂಟಲಿಗೆ ಸಿಕ್ಕಿ, ಫಕೀರಪ್ಪ ಕಣ್ಣು ಮೇಲೆ ಮಾಡಿ ಕೆಮ್ಮಿದ. ಬೆನ್ನು ತಟ್ಟಿ ತಟ್ಟಿ ಅವಳ ಕೈ ಸೋತಿತು. ಉಸಿರು ಮರಳಿದ ಮೇಲೆ ಅವನ ಬಾಯಿ ಒರೆಸುತ್ತ ಕೇಳಿದಳು:

“ಸಾಣಿಸ್ಲೇನ್ರೀ?”

“ರೈಟ್.”

“ಬ್ಯಾಡೇನ್ರೀ?”

“ರೈಟ್.”

ಅವಳು ಗಂಜಿಯ ಬಟ್ಟಲು ಕೆಳಗಿಟ್ಟಳು. ಆಮೇಲೆ ನನ್ನನ್ನು ಮೊಳೆಯಿಂದ ಇಳಿಸಿದಳು. ಒಂದು ಬೊಗಸೆ ಹಿಟ್ಟು ಹಾಕಿ ಅಲ್ಲಾಡಿಸಿದಳು.

ಹಿತ್ತಲಲ್ಲಿ ಎಮ್ಮೆ ಎದ್ದು ನಿಂತಿತು.