ಬಾಲಂಗೋಚಿ

"ಹತ್ತಿ, ಹತ್ತಿ, ಕಷ್ಟಸುಖ ಆಮೇಲೆ ಮಾತಾಡೋಣ," ಎನ್ನುತ್ತ ಭಾಮೈದ ಮೂರನೆಯ ಕಾರಿನೊಳಗೆ ಇನ್ನೊಬ್ಬ ಚಿಕ್ಕಮ್ಮನನ್ನು ತುರುಕಿದ. ಬಾಗಿಲು ಹಾಕಿ ಕಾರಿನ ಬೆನ್ನಿಗೆ ಎರಡು ಏಟು ತಟ್ಟಿದ. ಸತ್ತವರು ಅವನ ಭಾವ, ಮೂವತ್ತೊಂದು ವರ್ಷ ಬಸ್ಸಿನಲ್ಲಿ ಕಂಡಕ್ಟರಾಗಿದ್ದವರು. ಅವರು ಬದುಕಿರುವ ತನಕ ನಾಲ್ಕು ಜನರನ್ನು ಎಲ್ಲಿಗಾದರೂ ಹೊರಡಿಸುವ ಕೆಲಸ ಆ ಮನೆಯಲ್ಲಿ ಬೇರೆ ಯಾರಿಗೂ ಸಿಕ್ಕಿದ್ದಿಲ್ಲ. ಸಿಕ್ಕ ಅವಕಾಶವನ್ನು ಭಾಮೈದ ಬಿಡಲಿಲ್ಲ.

ಚಿತಾಗಾರದಲ್ಲಿ ಹನ್ನೊಂದಕ್ಕೆ ಸರದಿ. ಮುಂದೆ ಶವದ ವ್ಯಾನು, ಅದರಲ್ಲಿ ಮಗಳು. ಹಿಂದೆ ಹದಿಮೂರು ಸೈಕಲ್ಲು. ಆಮೇಲೆ ಕಾರುಗಳು. ವ್ಯಾನು ಎಷ್ಟು ಮೆಲ್ಲಗೆ ಹೊರಟಿತೆಂದರೆ, ಸೈಕಲ್ ತಂಡದ ಮುಂದಾಳಾದ ಹಲ್ಲಿನ ಡಾಕ್ಟರು ಓಲಾಡಿ, ಬೀಳುವುದರಲ್ಲಿದ್ದವರು ವ್ಯಾನಿನ ಬೆನ್ನಿಗೆ ಕೈಯೂರಿದರು.

"ಸಾರ್, ಬಸ್ಸು ಹಿಡ್ಕೊಂಡು ನೇತಾಡಬೇಡಿ, ಒಳಗೆ ಬನ್ನಿ ಅಂತಿದ್ರು ನಮ್ಮ ಬಾಲಂಗೋಚಿ," ಎಂದಿತು ಹಿಂದಿನಿಂದ ಒಂದು ದನಿ. ನಕ್ಕವರು ನಗುವನ್ನು ಅರ್ಧದಲ್ಲೇ ಕೆಮ್ಮಾಗಿ ತಿರುಗಿಸಿಕೊಂಡರು.

ಬಾಲಂಗೋಚಿ ಎಂಬುದು ಕಂಡಕ್ಟರು ತಮಗೆ ತಾವೇ ಇಟ್ಟುಕೊಂಡಿದ್ದ ಹೆಸರು.

*

ದಿಕ್ಕು ತೋಚದ ಹುಡುಗ ಹುಡುಗಿಯರಿಗೆ ಒಬ್ಬೊಬ್ಬ ಹಿರಿಯರನ್ನು ಜೊತೆ ಮಾಡಿಕೊಡುವ ಕೇಂದ್ರವೊಂದು ಊರಿನಲ್ಲಿತ್ತು. ವಾರಕ್ಕೊಮ್ಮೆ ಭೇಟಿ, ಬಾಯಿ ಕಡಿಮೆ, ಕಿವಿ ಜಾಸ್ತಿ ಎಂಬುದು ಅಲ್ಲಿನ ಕಟ್ಟಳೆ. ಕೇಂದ್ರ ಮುಚ್ಚದಿರಲೆಂದು, ಚಂದಾ ಎತ್ತಲು, ಏಳುನೂರು ಕಿಲೋಮೀಟರಿನ ಸೈಕಲ್ ಯಾತ್ರೆ ಗೊತ್ತಾಗಿತ್ತು. ಹದಿನಾಲ್ಕು ಜನ, ಒಂಬತ್ತು ದಿನ. ಪ್ರತಿ ಭಾನುವಾರ ಬೆಳಿಗ್ಗೆ ಅಭ್ಯಾಸ.

"ನಾನು ಕೊನೇಲಿ ಬರ್ತೀನಿ," ಎಂದು ಕಂಡಕ್ಟರು ಮೊದಲ ದಿನವೇ ಹೇಳಿದ್ದರು. "ಹಿಂದಿನ ಬಾಗಿಲಲ್ಲಿ ನಿಂತೂ ನಿಂತೂ ಮುಂದಿನ ರಸ್ತೆ ಹೇಗಿರುತ್ತೆ ಅಂತಾನೇ ನಂಗೆ ಗೊತ್ತಿಲ್ಲ."

"ವಯಸ್ಸಾಯ್ತು ಅಂತ ನೇರವಾಗಿ ಹೇಳಿ ಸಾರ್," ಎಂದಿದ್ದರು ಡಾಕ್ಟರು.

"ಬಾಲಂಗೋಚಿ ಇಲ್ಲದ ಗಾಳಿಪಟ ಗಿರಕಿ ಹೊಡೆದು ಮೂಗು ಮಣ್ಣು ಮಾಡ್ಕೊಳ್ಳುತ್ತೆ ಡಾಕ್ಟ್ರೇ. ಮೂಗು ನಿಮ್ಮ ಡಿಪಾರ್ಟ್‌ಮೆಂಟಲ್ಲ, ಹುಷಾರು."

ಕೇಂದ್ರದಿಂದ ಕಂಡಕ್ಟರ ಪಾಲಿಗೆ ಬಂದಿದ್ದವಳು ಪುಸ್ತಕ ಕಟ್ಟುವ ಅಂಗಡಿಯಲ್ಲಿ ಕೆಲಸ ಕಲಿಯುತ್ತಿದ್ದ ಹತ್ತೊಂಬತ್ತರ ಹುಡುಗಿ. ಅದಕ್ಕೆ ಮೊದಲು ಎರಡು ಕೆಲಸಗಳನ್ನು ಯಜಮಾನರ ಮುಖಕ್ಕೇ ಎಸೆದು ಬಂದಿದ್ದಳು. ಎಲ್ಲರೂ ಕರೆಯುತ್ತಿದ್ದದ್ದು ಮುಂಗೋಪಿ ಎಂದೇ. ಮೊದಲ ಏರಿನಲ್ಲೇ ಏದುಸಿರು ಬಿಟ್ಟು, ನಿಂತಿದ್ದ ಲಾರಿಯ ಮರೆಗೆ ಸೈಕಲ್ ತಳ್ಳಿ ಕೂತುಬಿಟ್ಟಳು. ಕಂಡಕ್ಟರು ಬಂದು ಇಳಿದರು. ಕಲ್ಲಿನ ಮೇಲೆ ಕೂತು, ಬಿಚ್ಚಿರದ ಷೂ ದಾರವನ್ನು ಬಿಚ್ಚಿ ಕಟ್ಟತೊಡಗಿದರು.

"ನೀವು ಹೋಗಿ ಸಾರ್. ನಂಗೆ ಆಗಲ್ಲ."

"ಹೇಗಮ್ಮಾ ಹೋಗ್ಲಿ? ನಾನು ಕೊನೆಯವನು. ನಿನ್ನ ದಾಟಿದ್ರೆ ನನ್ನ ಕೆಲಸ ಹೋಗುತ್ತೆ."

"ಯಾರೂ ನಮಗೋಸ್ಕರ ಕಾಯ್ತಿಲ್ಲ ಅಲ್ಲಿ."

"ನಾನು ಕಾಯ್ತಿದೀನಲ್ಲ. ಇಷ್ಟಕ್ಕೆ ಇನ್ನೆಷ್ಟು ಜನ ಬೇಕು?"

ಷೂ ದಾರ ಕಟ್ಟಲು ಅವರಿಗೆ ಹದಿನೈದು ನಿಮಿಷ ಹಿಡಿಯಿತು. ಅವಳೇ ಬೇಸತ್ತು ಎದ್ದಳು.

ಕಳೆದ ಭಾನುವಾರ, ನಾಲ್ಕು ತಿಂಗಳಲ್ಲಿ ಮೊದಲ ಸಲ, ಅವಳು ಮುಂದಿನವರ ಸರಿಸಮಕ್ಕೆ ತುಳಿದಳು. "ಹೋಗು ಹೋಗು, ಹಿಂದೆ ನೋಡಬೇಡ," ಎಂದು ಅವರೇ ಕೂಗಿದ್ದರು. ಅವಳು ನೋಡಲಿಲ್ಲ. ಟೀ ಅಂಗಡಿಯಲ್ಲಿ ಎರಡನೇ ಲೋಟ ಮುಗಿದ ಮೇಲೆ ಡಾಕ್ಟರು ತಲೆ ಎಣಿಸಿದರೆ ಹದಿಮೂರೇ ಬಂತು. ರಸ್ತೆಯ ಬದಿ ಉಸಿರಿಲ್ಲದೆ ಬಿದ್ದಿದ್ದ ಕಂಡಕ್ಟರನ್ನು ಮೊದಲು ಕಂಡವನು ಯಾವನೋ ಹಾಲಿನ ವ್ಯಾನಿನ ಡ್ರೈವರು. ಕೊನೆಯಲ್ಲಿ ಬರುವವನ ಹಿಂದೆ ಇನ್ನು ಯಾರಿರುತ್ತಾರೆ?

*

"ಎಲ್ಲರೂ ಬಂದ್ರಾ? ಶುರು ಮಾಡಬಹುದಾ?"

ಕೇಳಿದವನು ಚಿತಾಗಾರದ ನೌಕರ. ದಿನಕ್ಕೆ ಹತ್ತು ಸಲ ಕೇಳುವ ಮಾತು. ಈ ಪ್ರಶ್ನೆಗೆ ಉತ್ತರಿಸಿ ಅಭ್ಯಾಸವಿದ್ದವರು ಚಟ್ಟದ ಮೇಲಿದ್ದರು.

"ಅಮ್ಮ ಎಲ್ಲಿ ಮಾವ?" ಎಂದಳು ಮಗಳು.

"ನಿನ್ನ ಜೊತೆ ವ್ಯಾನಲ್ಲಿ..."

"ನಿಮ್ಮ ಕಾರಲ್ಲಿ ಅಲ್ವಾ?"

ಭಾಮೈದ ಮೂರು ಕಾರಿನ ಬಾಗಿಲನ್ನೂ ತೆರೆದು ನೋಡಿದ. ಒಂದರ ಡಿಕ್ಕಿಯನ್ನೂ ತೆರೆದ. ಯಾಕೆಂದು ಅವನಿಗೇ ತಿಳಿಯದು. ಮಗಳು ಫೋನು ಮಾಡಿದರೆ ಅಮ್ಮನ ಫೋನು ಮಗಳ ಚೀಲದಲ್ಲೇ ಬಡಿದುಕೊಂಡಿತು. ಸತ್ತವರ ಹೆಂಡತಿಯನ್ನು ಮನೆಯಲ್ಲೇ ಬಿಟ್ಟು ಎಲ್ಲರೂ ಬಂದಿದ್ದರು.

"ಹನ್ನೊಂದೂಕಾಲಿಗೆ ಒಳಗೆ ಕಳಿಸಲೇಬೇಕು," ಎಂದ ನೌಕರ. "ಮುಂದಿನವರು ಬಂದು ನಿಂತಿದಾರೆ."

ಮುಂದಿನವರ ಕಾರುಗಳು ಗಲ್ಲಿಯನ್ನು ತುಂಬಿದ್ದವು. ಭಾಮೈದನ ಮೂರು ಕಾರೂ ಅವುಗಳ ಹಿಂದೆ ಸಿಕ್ಕಿಬಿದ್ದಿದ್ದವು. ಡಾಕ್ಟರು ಸೈಕಲ್ಲಿಗೆ ಕೈ ಹಾಕುವಷ್ಟರಲ್ಲಿ ಮುಂಗೋಪಿ ಆಗಲೇ ಗಲ್ಲಿಯ ತಿರುವಿನಲ್ಲಿದ್ದಳು.

ಹೆಂಡತಿ ಮನೆಗೆ ಬೀಗ ಹಾಕಿ ಮೆಟ್ಟಿಲ ಮೇಲೆ ಕೂತಿದ್ದರು. ಚಪ್ಪಲಿ ಮೆಟ್ಟಿದ್ದರು. ಮಡಿಲಲ್ಲಿ ಕೈಚೀಲ.

"ಗ್ಯಾಸ್ ಆಫ್ ಮಾಡಿದೀನಾ ನೋಡೋಣ ಅಂತ ಒಳಗೆ ಹೋದೆ ಕಣೇ. ಬರೋದ್ರೊಳಗೆ ಬೀದಿ ಖಾಲಿ." ಕೈಗಡಿಯಾರ ನೋಡಿಕೊಂಡರು. "ಕಳಿಸಿಬಿಟ್ರಾ?"

"ಇಲ್ಲಮ್ಮ. ಕೂತ್ಕೊಳ್ಳಿ, ಬೇಗ."

ಯಾತ್ರೆಯ ಗಂಟುಮೂಟೆಗೆಂದು ಹಾಕಿಸಿದ್ದ ಕ್ಯಾರಿಯರಿನ ಮೇಲೆ ಅವರು ಅಡ್ಡ ಕೂತು ಹುಡುಗಿಯ ಸೊಂಟ ಹಿಡಿದರು. ಸೈಕಲ್ಲು ಎರಡು ಸಲ ಬಳುಕಿ ನೇರವಾಯಿತು. ಅಂಚೆ ಕಚೇರಿ ದಾಟಿದ ಮೇಲೆ ಏರು.

"ಭಾರ ಆಗ್ತಿದೆಯೇನೇ? ಇಳೀಲಾ?"

"ಬೇಡ."

"ಆವತ್ತು ಬಾಗಿಲಲ್ಲಿ ನಿಂತು 'ಬರ್ತೀನಿ' ಅಂದ್ರು. ನಂಗೆ ಸಿಟ್ಟು. ಅರವತ್ತಮೂರಕ್ಕೆ ಸೈಕಲ್ ಏರೋ ಹುಚ್ಚು ಯಾಕೆ ಅಂತ. ಒಲೆ ಕಡೆ ಮುಖ ಮಾಡ್ಕೊಂಡು ನಿಂತಿದ್ದೆ. 'ಹೋಗಿ ಬನ್ನಿ' ಅನ್ಲಿಲ್ಲ. ಎರಡು ಸಲ ಹೇಳಿ ಹೋದ್ರು." ಜಾರುತ್ತಿದ್ದ ಕೈಚೀಲವನ್ನು ಮಡಿಲಿಗೆ ಎಳೆದುಕೊಂಡರು. "ಇವತ್ತಾದ್ರೂ ಅನ್ನೋಣ ಅಂತಿದ್ದೆ. ನೋಡು, ಗ್ಯಾಸ್ ನೋಡೋಕೆ ಹೋದೆ."

ಮುಂಗೋಪಿ ಸೀಟಿನಿಂದೆದ್ದು ನಿಂತು ತುಳಿಯುತ್ತಿದ್ದಳು. ಮಾತು ಉಸಿರಿನ ನಡುವೆ ತುಂಡುತುಂಡಾಗಿ ಬಂತು. "ನಾನು... ಅವರ ಮುಂದೇನೇ ಇದ್ದೆ. ಹಿಂದೆ ತಿರುಗಿ ನೋಡ್ಲಿಲ್ಲ."

"ನಾನೂ ನೋಡ್ಲಿಲ್ಲ," ಎಂದರು ಹೆಂಡತಿ.

ಅವರು ತಲುಪಿದಾಗ ಹನ್ನೊಂದು ಇಪ್ಪತ್ತೆರಡು. ಚಟ್ಟ ಇನ್ನೂ ಹೊರಗೇ ಇತ್ತು. ಮುಂದಿನ ಸರದಿಯವರಲ್ಲಿ ಒಬ್ಬರು ಮುದುಕರು ನೌಕರನನ್ನು ತಡೆದಿದ್ದರು: "ಇರಲಿ ಬಿಡಪ್ಪ, ಕಾಯ್ತೀವಿ. ನಮ್ಮವರಿಗೂ ಏನೂ ಅವಸರ ಇಲ್ಲ."

ಜನ ದಾರಿ ಬಿಟ್ಟರು. ಹೆಂಡತಿ ಚಟ್ಟದ ಬಳಿ ನಿಂತು ಬಗ್ಗಿದರು. ಯಂತ್ರದ ಸದ್ದಿನಲ್ಲಿ ಯಾರಿಗೂ ಏನೂ ಕೇಳಿಸಲಿಲ್ಲ. ನನಗೆ ಕೇಳಿಸಿತು ಎಂದು ಭಾಮೈದ ಆಮೇಲೆ ನಾಲ್ಕು ಜನರಿಗೆ ಹೇಳಿದ್ದು ಸುಳ್ಳು. ಪಕ್ಕದಲ್ಲಿದ್ದ ಮುಂಗೋಪಿಗೆ ತುಟಿಗಳು ಕಂಡವು. "ಹೋಗಿ," ಎಂದರು. ಮುಂದಿನ ಮಾತಿಗೆ ಬಾಯಿ ತೆರೆದವರು ಹಾಗೇ ನಿಂತರು. ಬಾಯಿ ಮುಚ್ಚಿಕೊಳ್ಳುವಷ್ಟರಲ್ಲಿ ಚಟ್ಟ ಒಳಗೆ ಹೋಗಿತ್ತು.

ಹೊರಗೆ ಭಾಮೈದ ಕಾರಿನ ಬಾಗಿಲು ತೆರೆದು ಹಿಡಿದು ನಿಂತಿದ್ದ. "ಅಕ್ಕ, ಬಾ, ಮುಂದಿನ ಸೀಟು ನಿಂಗೇ."

"ನಿನ್ನ ಬಂದೋಬಸ್ತು ನೋಡಾಯ್ತಪ್ಪ. ನೀನು ನಡಿ," ಎಂದು ಆಕೆ ಮತ್ತೆ ಕ್ಯಾರಿಯರ್ ಏರಿದರು. ಭಾಮೈದ ತೆರೆದ ಬಾಗಿಲನ್ನು ಚಿಕ್ಕಮ್ಮನಿಗಾಗಿ ತೆರೆದದ್ದೇ ಎಂಬಂತೆ ನಟಿಸಿದ.

ಡಾಕ್ಟರು ಬಂದು ಹುಡುಗಿಯ ಮುಂದೆ ನಿಂತರು. ಆ ಭಾನುವಾರದಿಂದ ಯಾರ ಮುಖವನ್ನೂ ನೇರವಾಗಿ ನೋಡಿರಲಿಲ್ಲ ಅವರು. "ಯಾತ್ರೆ ಬಿಟ್ಟುಬಿಡೋಣ ಅನ್ಕೊಂಡಿದ್ದೆ. ನೀನೇನಂತೀಯ?"

"ಮೊದಲು ಇವರನ್ನ ಮನೆಗೆ ಮುಟ್ಟಿಸೋಣ ಸಾರ್," ಎಂದಳು ಮುಂಗೋಪಿ. "ನೀವೆಲ್ಲ ಮುಂದೆ ನಡೀರಿ. ನಾನು ಬರ್ತೀನಿ."

ಕಾರುಗಳು ಹೋದವು. ಹನ್ನೆರಡು ಸೈಕಲ್ಲು ಮುಂದೆ ಹೊರಟವು. ಇಳಿಜಾರಿನ ನೇರ ರಸ್ತೆ, ತುಳಿಯುವ ಅಗತ್ಯವೇ ಇಲ್ಲ. ಆದರೂ ಯಾರೂ ವೇಗ ಹಿಡಿಯಲಿಲ್ಲ. ಒಬ್ಬ ಬ್ರೇಕು ಹಿಡಿದ, ಅವನಿಗಾಗಿ ಇನ್ನೊಬ್ಬ ಹಿಡಿದ, ಡಾಕ್ಟರು ಒಂದು ಕಾಲನ್ನು ನೆಲಕ್ಕೆ ತಾಗಿಸಿಕೊಂಡೇ ಸಾಗಿದರು. ತರಕಾರಿ ಲಾರಿಯೊಂದು ಹಿಂದೆ ನಿಂತು ಹಾರ್ನು ಹೊಡೆದೂ ಹೊಡೆದೂ ಸುಸ್ತಾಯಿತು. ಕ್ಯಾರಿಯರಿನ ಮೇಲಿದ್ದ ಹೆಂಡತಿ ಏನಾಯಿತೆಂದು ಪಕ್ಕಕ್ಕೆ ಬಾಗಿ ನೋಡಿದರು. ಮುಂದೆ ರಸ್ತೆ ಖಾಲಿಯಾಗಿತ್ತು. ಹನ್ನೆರಡು ಜನರ ಕತ್ತೂ ಹಿಂದಕ್ಕೆ ತಿರುಗಿದ್ದವು.